ಡುವಾಲ್ ಮನೆಯ ಕಾರ್ಡ್‌ಲೆಸ್ ಫೋನ್: ಕರೆಂಟ್ ಹೋದ ರಾತ್ರಿ ಅಮ್ಮ ಕೇಳಿದ ಪ್ರಶ್ನೆ

ಡುವಾಲ್ (ಸಿಯಾಟಲ್): 2024ರ ನವೆಂಬರ್ 19, ಮಂಗಳವಾರ ಸಂಜೆ. ಇಲ್ಲಿನ ಹವಾಮಾನ ಇಲಾಖೆ ‘ಬಾಂಬ್ ಸೈಕ್ಲೋನ್’ ಎಂದು ಎಚ್ಚರಿಸಿದ್ದ ಬಿರುಗಾಳಿ ವಾಷಿಂಗ್ಟನ್ ರಾಜ್ಯದ ಪಶ್ಚಿಮ ಭಾಗಕ್ಕೆ ಬಡಿದ ದಿನ. ಮನೆಯಲ್ಲಿ ಇದ್ದವರು ಮೂರೇ ಜನ: ಬಾಣಂತಿಯಾದ ನಾನು, ಎರಡು ತಿಂಗಳ ಕೂಸು, ಬಾಣಂತನಕ್ಕೆಂದು ಸಾಗರದಿಂದ ಬಂದಿದ್ದ ಅಮ್ಮ. ಯಜಮಾನರು ರೆಡ್‌ಮಂಡ್‌ನ ಆಫೀಸಿನಲ್ಲಿ. ರಾತ್ರಿ ಎಂಟರ ಹೊತ್ತಿಗೆ ಎಲ್ಲೋ ಹತ್ತಿರದಲ್ಲೇ ದೊಡ್ಡ ಮರ ಮುರಿದು ಬಿದ್ದ ಸದ್ದಾಯಿತು. ಮರುಕ್ಷಣವೇ ಮನೆ ಕತ್ತಲು.

ಮೊಬೈಲ್‌ನಲ್ಲಿ ಸಿಗ್ನಲ್ ಒಂದು ಕಡ್ಡಿ ಬರುವುದು, ಹೋಗುವುದು. ಅಮ್ಮ ಕತ್ತಲಲ್ಲೇ ತಡವರಿಸುತ್ತ ಅಡುಗೆಮನೆಯ ಕಟ್ಟೆಯ ಮೇಲಿದ್ದ ಕಾರ್ಡ್‌ಲೆಸ್ ಫೋನ್ ಎತ್ತಿಕೊಂಡರು. ಗುಂಡಿ ಒತ್ತಿದರು. ಪರದೆಯಲ್ಲಿ ಬೆಳಕು ಬಂತು, ಡಯಲ್ ಟೋನ್ ಬರಲಿಲ್ಲ. ಆಗ ಅವರು ಕೇಳಿದ ಪ್ರಶ್ನೆ ಇದು: “ಅಲ್ಲ ಕಣೇ, ನಮ್ಮನೇಲಿ ಮಳೆಗಾಲದಲ್ಲಿ ಎಂಟು ದಿನ ಕರೆಂಟ್ ಇಲ್ದಿದ್ರೂ ಫೋನ್ ರಿಂಗ್ ಆಗ್ತಿತ್ತಲ್ಲ. ಅಮೆರಿಕದ ಫೋನಿಗೆ ಏನಾಯ್ತು?”

ಅದೇ ಹೊತ್ತಿಗೆ ಸಾಗರದಲ್ಲಿ ಬುಧವಾರ ಬೆಳಗ್ಗೆ ಒಂಬತ್ತೂವರೆ. ಟಿವಿಯಲ್ಲಿ ಸುದ್ದಿ ನೋಡಿದ ಅಪ್ಪ ಮೊದಲು ನನ್ನ ಮೊಬೈಲಿಗೆ, ಆಮೇಲೆ ಮನೆಯ ನಂಬರಿಗೆ, ಮತ್ತೆ ಮೊಬೈಲಿಗೆ ಕರೆ ಮಾಡುತ್ತಲೇ ಇದ್ದರಂತೆ. ಯಾವುದೂ ಹತ್ತಲಿಲ್ಲ. ಮರುದಿನ ರಸ್ತೆಗೆ ಬಿದ್ದ ಮರ ಸರಿಸಿದ ಮೇಲೆ ಯಜಮಾನರು ಮನೆ ತಲುಪಿ, ಕಾರಿನಲ್ಲಿ ನಮ್ಮನ್ನು ಸಿಗ್ನಲ್ ಸಿಗುವ ಕಡೆಗೆ ಕರೆದೊಯ್ದು ಊರಿಗೆ ಮಾತಾಡಿಸಿದರು. ಅಷ್ಟರಲ್ಲಿ ಅಪ್ಪ ಒಂದು ರಾತ್ರಿ, ಒಂದು ಹಗಲು ಊಟ ಸರಿಯಾಗಿ ಮಾಡಿರಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಕೂಸಿಗೆ ಜ್ವರ ಬಂದಿದ್ದರೆ, ಅಮ್ಮನಿಗೆ ಎದೆ ನೋವು ಬಂದಿದ್ದರೆ? ಮನೆಯಲ್ಲಿ ಮೂರು ಹ್ಯಾಂಡ್‌ಸೆಟ್ ಇದ್ದವು, ಒಂದೂ ಉಪಯೋಗಕ್ಕೆ ಬರುತ್ತಿರಲಿಲ್ಲ. ತಪ್ಪು ಫೋನಿನದಲ್ಲ. ಪೆಟ್ಟಿಗೆಯಿಂದ ತೆಗೆದು, ಪ್ಲಗ್ ಚುಚ್ಚಿ, ಮುಗಿಯಿತು ಅಂದುಕೊಂಡ ನಮ್ಮದು. ಮಕ್ಕಳ ಮನೆಗೆಂದು ಇಲ್ಲಿಗೆ ಬರುವ ಅಪ್ಪ ಅಮ್ಮಂದಿರಿಗೂ, ಅವರನ್ನು ಕಳಿಸಿ ಊರಲ್ಲಿ ಉಳಿಯುವವರಿಗೂ ಈ ಸಣ್ಣ ಯಂತ್ರದ ವಿಷಯ ಸ್ವಲ್ಪ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹೊಳೆಯಾಚೆಯ ಊರು

ಡುವಾಲ್ ಎಂದರೆ ಸಿಯಾಟಲ್ ನಗರದ ಪೂರ್ವಕ್ಕೆ, ಕ್ಯಾಸ್ಕೇಡ್ ಬೆಟ್ಟಸಾಲಿನ ಬುಡದ ಕಡೆಗೆ ಇರುವ ಪುಟ್ಟ ಊರು. ಜನಸಂಖ್ಯೆ ಸುಮಾರು 8 ಸಾವಿರ. ಮೈಕ್ರೋಸಾಫ್ಟ್‌ನ ಮುಖ್ಯ ಕಚೇರಿ ಇರುವ ರೆಡ್‌ಮಂಡ್ ಇಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ. ರೆಡ್‌ಮಂಡ್, ಬೆಲ್‌ವ್ಯೂ ಕಡೆ ಮನೆಯ ಬೆಲೆ ಕೈಗೆಟುಕದೆ ಇಲ್ಲಿಗೆ ಬಂದ ನಮ್ಮವರಿದ್ದಾರೆ. ಗಣೇಶ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಸಹ್ಯಾದ್ರಿ ಕನ್ನಡ ಸಂಘದ ಕಾರ್ಯಕ್ರಮ ಎಂದರೆ ಹೊಳೆ ದಾಟಿ ಹೋಗಬೇಕು.

ಆ ಹೊಳೆಯದ್ದೇ ಕಥೆ. ಊರಿನ ಪಶ್ಚಿಮಕ್ಕೆ ಸ್ನೋಕ್ವಾಲ್ಮಿ ನದಿ ಹರಿಯುತ್ತದೆ. ಅದರ ಎರಡೂ ದಡದಲ್ಲಿ ತಗ್ಗು ಹೊಲಗಳು. ಕಚೇರಿ, ದೊಡ್ಡ ಆಸ್ಪತ್ರೆ, ಇಂಡಿಯನ್ ಅಂಗಡಿ ಎಲ್ಲವೂ ನದಿಯ ಆಚೆ ಕಡೆ. ನವೆಂಬರ್‌ನಿಂದ ಜನವರಿವರೆಗೆ ಮಳೆ ಜೋರಾದರೆ ನದಿ ಉಕ್ಕಿ ಕಣಿವೆ ದಾಟುವ ರಸ್ತೆಗಳು ಒಂದೊಂದಾಗಿ ಮುಚ್ಚುತ್ತವೆ. 2009ರ ಜನವರಿಯಂಥ ದೊಡ್ಡ ಪ್ರವಾಹ ಬಂದರಂತೂ ಡುವಾಲ್ ದ್ವೀಪವೇ. ಮಗ, ಸೊಸೆ ಆಫೀಸಿನಲ್ಲಿ ಆಚೆ, ಅಜ್ಜ, ಅಜ್ಜಿ, ಮೊಮ್ಮಗು ಮನೆಯಲ್ಲಿ ಈಚೆ. ಮಲೆನಾಡಿನವರಿಗೆ, ಕರಾವಳಿಯವರಿಗೆ ಇದು ಹೊಸದಲ್ಲ. ಹೊಳೆ ತುಂಬಿದರೆ ದೋಣಿ ನಿಂತಿತು ಎನ್ನುವ ಕಾಲ ನೋಡಿದವರು ಅವರು.

ಜೊತೆಗೆ ಬೆಟ್ಟ, ಕಾಡು. ಊರಿನ ಸುತ್ತಲಿನ ಇಳಿಜಾರುಗಳಲ್ಲಿ ಎತ್ತರದ ಫರ್ ಮರಗಳ ನಡುವೆ ಇರುವ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಕಿಟಕಿಯ ಪಕ್ಕ ಸಿಕ್ಕರೆ ಕೋಣೆಯೊಳಗೆ ಸಿಗದು. ಹೀಗಾಗಿ ಈ ಕಡೆ ಮನೆಯ ಫೋನಿಗೆ ಇನ್ನೂ ಕೆಲಸವಿದೆ.

ಮೊದಲು ಗೊತ್ತಿರಬೇಕಾದ್ದು: ಲೈನ್ ಯಾವುದು?

ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗುತ್ತದೆ. ನಮ್ಮೂರಿನ ಹಳೆಯ ದೂರವಾಣಿ ತಾಮ್ರದ ತಂತಿಯ ಮೇಲೆ ನಡೆಯುತ್ತಿತ್ತು. ಆ ತಂತಿಯಲ್ಲಿ ಮಾತಿನ ಜೊತೆಗೆ ವಿದ್ಯುತ್ತೂ ಬರುತ್ತಿತ್ತು. ಎಕ್ಸ್‌ಚೇಂಜಿನಲ್ಲಿ 48 ವೋಲ್ಟ್‌ನ ದೊಡ್ಡ ಬ್ಯಾಟರಿಗಳ ಸಾಲು, ಅದಕ್ಕೆ ಜನರೇಟರ್ ಬೆಂಬಲ. ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಫೋನಿಗೆ ಬೇಕಾದ ಶಕ್ತಿ ಎಕ್ಸ್‌ಚೇಂಜಿನಿಂದ ಬರುತ್ತಿದ್ದ ಕಾರಣ ಅದು ರಿಂಗಾಗುತ್ತಿತ್ತು. ಅಮೆರಿಕದ ಹಳೆಯ ಫೋನೂ ಹಾಗೆಯೇ ಇತ್ತು.

ಕಾರ್ಡ್‌ಲೆಸ್ ಬೇರೆ ಜಾತಿ. ಅದರಲ್ಲಿ ಎರಡು ಭಾಗ. ಲೈನಿಗೆ ಸೇರಿರುವ ಬೇಸ್, ಕೈಯಲ್ಲಿ ಹಿಡಿಯುವ ಹ್ಯಾಂಡ್‌ಸೆಟ್. ಹ್ಯಾಂಡ್‌ಸೆಟ್ ಮೊಬೈಲ್ ಅಲ್ಲ. ಅದು ರೇಡಿಯೊ ಅಲೆಯ ಮೂಲಕ ತನ್ನ ಬೇಸ್ ಜೊತೆ ಮಾತ್ರ ಮಾತಾಡಬಲ್ಲದು. ಬೇಸಿಗೆ ಗೋಡೆಯ ಪ್ಲಗ್ಗಿನಿಂದ ಕರೆಂಟ್ ಬೇಕು. ಕರೆಂಟ್ ಹೋದರೆ ಬೇಸ್ ಸತ್ತಿತು, ಹ್ಯಾಂಡ್‌ಸೆಟ್‌ನಲ್ಲಿ ಬ್ಯಾಟರಿ ತುಂಬಿದ್ದರೂ ಅದು ಅನಾಥ. ನಮ್ಮ ಮನೆಯಲ್ಲಿ ಆ ರಾತ್ರಿ ಪರದೆ ಬೆಳಗಿ ಟೋನ್ ಬಾರದೆ ಇದ್ದದ್ದು ಇದಕ್ಕೇ.

ಈಗ ಇಲ್ಲಿ ಮನೆಯ ಫೋನಿಗೆ ನಾಲ್ಕು ದಾರಿ ಇವೆ. ಒಂದು, ಹಳೆಯ ತಾಮ್ರದ ಲೈನ್. ಇದು ಕಡಿಮೆಯಾಗುತ್ತಿದೆ. ಎರಡು, ಕೇಬಲ್ ಅಥವಾ ಫೈಬರ್ ಕಂಪನಿ ಕೊಡುವ ಮೋಡೆಮ್‌ನ ಹಿಂದಿರುವ ಫೋನ್ ಕಿಂಡಿ. ಮೂರು, ಇಂಟರ್ನೆಟ್ ಫೋನ್: ರೌಟರಿಗೆ ಒಂದು ಪುಟ್ಟ ಪೆಟ್ಟಿಗೆ ಜೋಡಿಸಿ ಅದಕ್ಕೆ ಫೋನ್ ಚುಚ್ಚುವುದು. 2009ರ ನಂತರ ಭಾರತಕ್ಕೆ ಎಷ್ಟು ಮಾತಾಡಿದರೂ ಒಂದೇ ತಿಂಗಳ ಬಾಡಿಗೆ ಎಂಬ ಯೋಜನೆಗಳು ಬಂದಾಗ ನಮ್ಮವರ ಮನೆಗಳಿಗೆ ಕಾಲಿಂಗ್ ಕಾರ್ಡಿನ ಬದಲು ಬಂದದ್ದು ಇದೇ ಪೆಟ್ಟಿಗೆ. ನಾಲ್ಕು, ಬ್ಲೂಟೂತ್ ಇರುವ ಬೇಸ್: ಲೈನೇ ಇಲ್ಲ, ಮೊಬೈಲನ್ನು ಬೇಸಿನ ಪಕ್ಕ ಇಟ್ಟರೆ ಅದಕ್ಕೆ ಬಂದ ಕರೆ ಮನೆಯ ಎಲ್ಲ ಹ್ಯಾಂಡ್‌ಸೆಟ್‌ಗಳಲ್ಲೂ ರಿಂಗಾಗುತ್ತದೆ. ಕಿಟಕಿಯ ಬಳಿ ಮಾತ್ರ ಸಿಗ್ನಲ್ ಸಿಗುವ ಮನೆಗೆ ಇದು ಒಳ್ಳೆಯ ಉಪಾಯ. ಆದರೆ ಆ ಮೊಬೈಲ್ ಜೇಬಿನಲ್ಲಿ ಆಫೀಸಿಗೆ ಹೋದರೆ ಮನೆಯಲ್ಲಿ ಫೋನೂ ಹೋಯಿತು ಎಂಬುದು ನೆನಪಿರಲಿ.

ಜೋಡಿಸುವುದು ಹೀಗೆ

ಪೆಟ್ಟಿಗೆ ತೆರೆದರೆ ಒಂದು ದೊಡ್ಡ ಬೇಸ್, ಒಂದೆರಡು ಚಾರ್ಜರ್ ತೊಟ್ಟಿಲು, ಹ್ಯಾಂಡ್‌ಸೆಟ್‌ಗಳು, ಬ್ಯಾಟರಿ, ಅಡಾಪ್ಟರ್ ಇರುತ್ತವೆ. ಫೋನ್ ತಂತಿ ಬೇಕಾಗುವುದು ಬೇಸಿಗೆ ಮಾತ್ರ. ಉಳಿದ ತೊಟ್ಟಿಲುಗಳಿಗೆ ಬರೀ ಕರೆಂಟ್ ಸಾಕು, ಆದ್ದರಿಂದ ಮಲಗುವ ಕೋಣೆ, ಮಹಡಿ, ಅಡುಗೆಮನೆ ಎಲ್ಲಿ ಬೇಕಾದರೂ ಇಡಬಹುದು.

ಬೇಸ್ ಮನೆಯ ನಡುಭಾಗದಲ್ಲಿ, ಎತ್ತರದ ಜಾಗದಲ್ಲಿ ಇರಲಿ. ಟಿವಿ, ಮೈಕ್ರೋವೇವ್ ಓವನ್, ಫ್ರಿಜ್, ಹೀಟರ್‌ಗಳ ಪಕ್ಕ ಬೇಡ. ಇಲ್ಲಿನ ಮನೆಗಳ ಗೋಡೆ ಮರದ ಚೌಕಟ್ಟು ಮತ್ತು ಜಿಪ್ಸಂ ಹಲಗೆಯದಾದ್ದರಿಂದ ಅಲೆ ಸುಲಭವಾಗಿ ದಾಟುತ್ತದೆ. ಇಳಿಜಾರಿನ ಮನೆಯ ಕೆಳಗಿನ ಕಾಂಕ್ರೀಟ್ ನೆಲಮಾಳಿಗೆಯಲ್ಲಿ ಮಾತ್ರ ಮಾತು ಕಡಿದು ಕಡಿದು ಬರಬಹುದು. ಹ್ಯಾಂಡ್‌ಸೆಟ್ ಹಿಡಿದು ಒಮ್ಮೆ ಮನೆಯೆಲ್ಲ ಸುತ್ತಿ, ಎಲ್ಲಿ ಸದ್ದು ಕೆಡುತ್ತದೆ ಎಂದು ನೋಡಿದರೆ ಬೇಸಿಗೆ ಸರಿಯಾದ ಜಾಗ ಗೊತ್ತಾಗುತ್ತದೆ.

ಬ್ಯಾಟರಿ ಹಾಕುವಾಗ ಎಚ್ಚರ. ಹ್ಯಾಂಡ್‌ಸೆಟ್‌ಗೆ ಬೇಕಾದ್ದು ಮತ್ತೆ ಮತ್ತೆ ಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ನೋಡಲು ಟಿವಿ ರಿಮೋಟಿನ ಸಣ್ಣ ಸೆಲ್ಲಿನಂತೆಯೇ ಇರುತ್ತದೆ. ಒಮ್ಮೆ ಬಳಸಿ ಬಿಸಾಡುವ ಸಾಮಾನ್ಯ ಸೆಲ್ ಹಾಕಿ ತೊಟ್ಟಿಲಲ್ಲಿಟ್ಟರೆ ಅದು ಸೋರಬಹುದು, ಒಡೆಯಲೂಬಹುದು. ಮೊದಲ ಸಲ ಪೂರ್ತಿ ಚಾರ್ಜ್ ಆಗುವವರೆಗೆ ಕೈಹಚ್ಚಬಾರದು. ಕೆಲವು ಮಾದರಿಗೆ ಏಳೆಂಟು ಗಂಟೆ, ಕೆಲವಕ್ಕೆ 16 ಗಂಟೆ, ಕೈಪಿಡಿಯಲ್ಲಿ ಬರೆದಿರುತ್ತದೆ. ಒಂದೆರಡು ವರ್ಷದ ಮೇಲೆ ಮಾತಿನ ನಡುವೆ ಟಿಂವ್ ಟಿಂವ್ ಎಂದು ಕಟ್ಟಾಗತೊಡಗಿದರೆ ಫೋನ್ ಕೆಟ್ಟಿತು ಎಂದು ಎಸೆಯಬೇಡಿ. ಬಹಳ ಸಲ ಸೆಲ್ ಬದಲಿಸಿದರೆ ಸಾಕು.

ಜೊತೆಯಲ್ಲೇ ಬಂದ ಹ್ಯಾಂಡ್‌ಸೆಟ್‌ಗಳಿಗೆ ಬೇಸಿನ ಪರಿಚಯ ಮೊದಲೇ ಇರುತ್ತದೆ. ಆಮೇಲೆ ಬೇರೆಯಾಗಿ ಕೊಂಡದ್ದಾದರೆ ನೋಂದಣಿ ಮಾಡಬೇಕು. ಬೇಸಿನ ಮೇಲೆ ಹ್ಯಾಂಡ್‌ಸೆಟ್ ಹುಡುಕುವ ಗುಂಡಿ ಒಂದಿರುತ್ತದೆ. ಸಾಮಾನ್ಯವಾಗಿ ಅದನ್ನೇ ಕೆಲವು ಸೆಕೆಂಡ್ ಒತ್ತಿ ಹಿಡಿದು ಹೊಸ ಹ್ಯಾಂಡ್‌ಸೆಟ್ ಸೇರಿಸುತ್ತಾರೆ. ಅದೇ ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಎಲ್ಲ ಹ್ಯಾಂಡ್‌ಸೆಟ್‌ಗಳೂ ಕೂಗುತ್ತವೆ. ನಮ್ಮಮ್ಮನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಗುಂಡಿ. ಫೋನ್ ಸೋಫಾದ ಸಂದಿಯಲ್ಲೋ, ಮಡಚಿಟ್ಟ ಬಟ್ಟೆಯ ರಾಶಿಯಲ್ಲೋ ಇದ್ದಲ್ಲಿಂದಲೇ ಓಗೊಡುತ್ತದೆ.

ನಂಬರ್ ಒತ್ತುವ ರೀತಿಯೂ ಊರಿನದಲ್ಲ. ಡುವಾಲ್‌ನ ಏರಿಯಾ ಕೋಡ್ 425. ಪಕ್ಕದ ಮನೆಗೆ ಮಾಡಿದರೂ ಈಗ ಅದು ಸೇರಿ 10 ಅಂಕಿ ಒತ್ತಬೇಕು. ಊರಿಗೆ ಮಾಡುವಾಗ 011, ಆಮೇಲೆ 91, ಆಮೇಲೆ 10 ಅಂಕಿಯ ಮೊಬೈಲ್ ನಂಬರ್. ಬೆಂಗಳೂರಿನ ಮನೆ ಫೋನಾದರೆ 011 91 80, ಸೊನ್ನೆ ಬಿಟ್ಟು. ಇಷ್ಟುದ್ದ ನೆನಪಿಡುವುದು ಕಷ್ಟವಾದ್ದರಿಂದ ಸ್ಪೀಡ್ ಡಯಲ್‌ನಲ್ಲಿ ಹಾಕಿಡುವುದು ಉತ್ತಮ. ಕೆಲವು ಫೋನ್‌ಗಳಲ್ಲಿ 1 ವಾಯ್ಸ್‌ಮೇಲ್‌ಗೆ ಮೀಸಲು. ನಮ್ಮಲ್ಲಿ 2 ಒತ್ತಿದರೆ ಅಳಿಯ, 3 ಒತ್ತಿದರೆ ನಾನು, 4 ಪಕ್ಕದ ಮನೆ, 5 ಸಾಗರ.

ಅಮ್ಮನ ಪಾಠ

ನಮಗೆ ಕಣ್ಣು ಮುಚ್ಚಿ ಬರುವ ಕೆಲಸ ಹೊಸಬರಿಗೆ ತೊಡಕು. ಊರಿನ ಹಳೆಯ ಫೋನಿನಲ್ಲಿ ರಿಸೀವರ್ ಎತ್ತಿದರೆ ಟೋನ್, ಇಟ್ಟರೆ ಕಟ್. ಇಲ್ಲಿ ತೊಟ್ಟಿಲಿನಿಂದ ಎತ್ತಿದ ಮೇಲೆ ‘ಟಾಕ್’ ಎಂಬ ಗುಂಡಿ ಒತ್ತಬೇಕು, ಆಗ ಟೋನ್. ಮುಗಿದ ಮೇಲೆ ‘ಆಫ್’ ಒತ್ತಬೇಕು. ಸುಮ್ಮನೆ ಮೇಜಿನ ಮೇಲೆ ಇಟ್ಟರೆ ಲೈನ್ ತೆರೆದೇ ಇರಬಹುದು. ಆಗ ಹೊರಗಿನಿಂದ ಕರೆ ಮಾಡಿದವರಿಗೆ ಎಂಗೇಜ್. ಮೊದಲ ವಾರ ನಮ್ಮ ಮನೆಯಲ್ಲಿ ಆದದ್ದೇ ಅದು.

ಇನ್ನೊಂದು, ಮಾತಾಡಿದ ಮೇಲೆ ಹ್ಯಾಂಡ್‌ಸೆಟ್ ತೊಟ್ಟಿಲಿಗೆ ಹಿಂತಿರುಗಿಸುವುದು. ದಿಂಬಿನ ಕೆಳಗೇ ಬಿಟ್ಟರೆ ಬ್ಯಾಟರಿ ಇಳಿಯುತ್ತ ಹೋಗುತ್ತದೆ. ಅಮ್ಮ ಇದಕ್ಕೆ ತಾವೇ ಒಂದು ಸೂತ್ರ ಮಾಡಿಕೊಂಡರು: “ಕೂಸು ತೊಟ್ಟಿಲಿಗೆ, ಫೋನೂ ತೊಟ್ಟಿಲಿಗೆ.” ಮಗುವನ್ನು ಮಲಗಿಸಿದ ಕೂಡಲೇ ಹೋಗಿ ಫೋನನ್ನೂ ಮಲಗಿಸಿ ಬರುತ್ತಿದ್ದರು.

ಕಿವಿ ಮಂದವಿರುವವರಿಗೆ ದೊಡ್ಡ ಗುಂಡಿ, ದೊಡ್ಡ ಸದ್ದಿನ ಮಾದರಿಗಳಿವೆ. ಶ್ರವಣಯಂತ್ರ ಹಾಕಿದವರಿಗೆ ಹೊಂದುವ ಹ್ಯಾಂಡ್‌ಸೆಟ್‌ಗಳೂ ಸಿಗುತ್ತವೆ. ಕೊಳ್ಳುವಾಗ ಕೇಳಬೇಕು. ಮಹಡಿ ಮನೆಯಲ್ಲಿ ಇಂಟರ್‌ಕಾಮ್ ಬಲು ಉಪಕಾರಿ. ಮಂಡಿನೋವಿನ ಅಮ್ಮ ಮೆಟ್ಟಿಲು ಹತ್ತದೆ ಕೆಳಗಿನಿಂದಲೇ “ಕಷಾಯ ಆಯ್ತು, ಬಾ” ಎಂದು ಮೇಲಿನ ಕೋಣೆಗೆ ಕರೆಯುತ್ತಿದ್ದರು.

911: ಕಲಿಯಲೇಬೇಕಾದ ಮೂರು ಅಂಕಿ

ನಮ್ಮ ಹಿರಿಯರಿಗೆ ಆಂಬುಲೆನ್ಸ್ ಎಂದರೆ 108. ಈಚೆಗೆ 112 ಕೂಡ ಕೇಳಿದ್ದಾರೆ. ಇಲ್ಲಿ ಆಂಬುಲೆನ್ಸ್, ಪೊಲೀಸ್, ಅಗ್ನಿಶಾಮಕ ಎಲ್ಲಕ್ಕೂ 911 ಒಂದೇ. ವಿಮಾನ ಹತ್ತುವ ಮೊದಲೇ ಬಾಯಿಪಾಠ ಆಗಿರಬೇಕಾದ ನಂಬರ್ ಇದು.

ಇಂಗ್ಲಿಷ್ ಬಾರದು ಎಂದು ಹೆದರಬೇಕಿಲ್ಲ. ಕರೆ ಸ್ವೀಕರಿಸಿದವರಿಗೆ “ಕನ್ನಡ, ಇಂಡಿಯಾ” ಎಂದು ನಿಧಾನವಾಗಿ ಹೇಳಿ, ಫೋನ್ ಇಡದೆ ಕಾಯಬೇಕು. ಅವರು ದುಭಾಷಿಯನ್ನು ಲೈನಿಗೆ ಕರೆಸುವ ವ್ಯವಸ್ಥೆ ಇದೆ. ಅದಕ್ಕೆ ಮುಂಚೆ ಎರಡು ಇಂಗ್ಲಿಷ್ ಮಾತು ಬಂದರೆ ಸಾಕು: ಮನೆಯ ವಿಳಾಸ, ಮತ್ತು ‘ಆಂಬುಲೆನ್ಸ್’. ಡುವಾಲ್ ಇರುವ ಕಿಂಗ್ ಕೌಂಟಿಯಲ್ಲಿ ಮಾತಾಡಲಾಗದವರು ಮೊಬೈಲ್‌ನಿಂದ 911ಕ್ಕೆ ಸಂದೇಶವನ್ನೂ ಕಳಿಸಬಹುದು.

ಊರಿಗೆ ಕರೆ ಮಾಡಲು ಹೋಗಿ ಅವಸರದಲ್ಲಿ 011 ಬಿಟ್ಟು 91 ಒತ್ತಿ, ಮತ್ತೊಂದು 1 ತಪ್ಪಿ ಬಿದ್ದರೆ ಕರೆ ನೇರ 911ಕ್ಕೆ ಹೋಗುತ್ತದೆ. ಆಗ ಗಾಬರಿಯಿಂದ ಫೋನ್ ಇಟ್ಟುಬಿಟ್ಟರೆ ಅವರು ತಿರುಗಿ ಕರೆ ಮಾಡಬಹುದು, ಪೊಲೀಸರನ್ನು ಮನೆಗೇ ಕಳಿಸಬಹುದು. ಲೈನಿನಲ್ಲೇ ಇದ್ದು “ಸಾರಿ, ರಾಂಗ್ ನಂಬರ್, ನೋ ಎಮರ್ಜೆನ್ಸಿ” ಎಂದರೆ ವಿಷಯ ಅಲ್ಲಿಗೇ ಮುಗಿಯುತ್ತದೆ.

ಮನೆಯ ಫೋನಿನ ದೊಡ್ಡ ಗುಣ ಎಂದರೆ 911ಕ್ಕೆ ಕರೆ ಹೋದ ಕೂಡಲೇ ಅವರ ಪರದೆಯಲ್ಲಿ ಮನೆಯ ವಿಳಾಸ ಮೂಡುವುದು. ಮಾತು ಬಾರದ ಮಗು, ಭಾಷೆ ಬಾರದ ಅಜ್ಜಿ ಕರೆ ಮಾಡಿದರೂ ಎಲ್ಲಿಗೆ ಹೋಗಬೇಕೆಂದು ಅವರಿಗೆ ಗೊತ್ತಾಗುತ್ತದೆ. ಆದರೆ ಇಲ್ಲೊಂದು ಅಪಾಯವಿದೆ. ತಾಮ್ರದ ಲೈನ್ ಗೋಡೆಗೆ ಅಂಟಿಕೊಂಡದ್ದು, ಮನೆ ಬಿಟ್ಟು ಹೋಗುವುದಿಲ್ಲ. ಇಂಟರ್ನೆಟ್ ಫೋನಿನ ಪೆಟ್ಟಿಗೆ ಹಾಗಲ್ಲ. ರೆಡ್‌ಮಂಡ್‌ನ ಬಾಡಿಗೆ ಮನೆಯಿಂದ ಡುವಾಲ್‌ಗೆ ಬರುವಾಗ ಪಾತ್ರೆ ಪಗಡದ ಜೊತೆ ಅದೂ ಬರುತ್ತದೆ, ಹೊಸ ಮನೆಯಲ್ಲಿ ಚುಚ್ಚಿದರೆ ಅದೇ ನಂಬರಿನಲ್ಲಿ ಕೆಲಸ ಶುರುಮಾಡುತ್ತದೆ. ಕಂಪನಿಯ ದಾಖಲೆಯಲ್ಲಿ ಮಾತ್ರ ರೆಡ್‌ಮಂಡ್ ವಿಳಾಸವೇ ಉಳಿದಿರುತ್ತದೆ.

ಇದು ಬರೀ ಊಹೆಯಲ್ಲ. 2008ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಒಂದು ಕುಟುಂಬ ತಮ್ಮ ಕಂದನಿಗೆ ಹುಷಾರಿಲ್ಲದಾಗ ಇಂಟರ್ನೆಟ್ ಫೋನಿನಿಂದ 911ಕ್ಕೆ ಕರೆ ಮಾಡಿತು. ಆಂಬುಲೆನ್ಸ್ ಹೋದದ್ದು ಸಾವಿರಾರು ಕಿಲೋಮೀಟರ್ ಆಚೆ ಒಂಟಾರಿಯೊ ಪ್ರಾಂತ್ಯದಲ್ಲಿದ್ದ ಅವರ ಹಳೆಯ ವಿಳಾಸಕ್ಕೆ. ಮಗು ಉಳಿಯಲಿಲ್ಲ. ಅಮೆರಿಕದಲ್ಲಿ 2005ರಲ್ಲೇ ಸರ್ಕಾರದ ಸಂಪರ್ಕ ಆಯೋಗ ಇಂಟರ್ನೆಟ್ ಫೋನ್ ಕಂಪನಿಗಳಿಗೆ 911 ಸೌಲಭ್ಯವನ್ನು ಕಡ್ಡಾಯ ಮಾಡಿದೆ. ಆದರೆ ಮನೆ ಬದಲಿಸಿದ ಮೇಲೆ ಹೊಸ ವಿಳಾಸ ತಿಳಿಸುವ ಹೊಣೆ ಬಳಕೆದಾರರದ್ದೇ. ಕಂಪನಿಯ ಖಾತೆಗೆ ಹೋಗಿ ವಿಳಾಸ ಬದಲಿಸಲು ಐದು ನಿಮಿಷ ಸಾಕು. ಹಲವು ಇಂಟರ್ನೆಟ್ ಫೋನ್‌ಗಳಲ್ಲಿ 933 ಒತ್ತಿದರೆ ದಾಖಲಾದ ವಿಳಾಸವನ್ನು ಯಂತ್ರವೇ ಓದಿ ಹೇಳುತ್ತದೆ. ಮಗ ಅಥವಾ ಮಗಳು ಈಚೆಗೆ ಮನೆ ಬದಲಿಸಿದ್ದರೆ, ಮುಂದಿನ ಸಲ ಮಾತಾಡುವಾಗ “911 ವಿಳಾಸ ಬದಲಾಯಿಸಿದೆಯಾ?” ಎಂದು ಊರಿನಿಂದಲೇ ಒಂದು ಮಾತು ಕೇಳಿ.

ಕತ್ತಲಿಗೆ ತಯಾರಿ

ಆ ನವೆಂಬರ್ ಬಿರುಗಾಳಿಯಲ್ಲಿ ಈ ಭಾಗದ 5 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ಕೆಲವರಿಗೆ ಅದು ತಿರುಗಿ ಬರಲು ಹಲವು ದಿನ ಬೇಕಾಯಿತು. 2006ರ ಡಿಸೆಂಬರ್ ಬಿರುಗಾಳಿಯಲ್ಲಿ ಕತ್ತಲಾದವರು ಅದಕ್ಕೂ ಹೆಚ್ಚು. ಇದು ಎಂದೋ ಒಮ್ಮೆ ಬರುವ ಆಪತ್ತಲ್ಲ, ಚಳಿಗಾಲದ ಲೆಕ್ಕದಲ್ಲೇ ಇರಬೇಕಾದ್ದು.

ಆ ರಾತ್ರಿಯ ನಂತರ ನಾವು ಮಾಡಿದ್ದು ಇಷ್ಟು. ಮೋಡೆಮ್, ರೌಟರ್, ಫೋನಿನ ಬೇಸ್ ಮೂರನ್ನೂ ಒಂದು ಸಣ್ಣ ಯುಪಿಎಸ್‌ಗೆ ಸೇರಿಸಿದೆವು. ಅದು ಎಳೆಯುವ ಕರೆಂಟ್ ಕಡಿಮೆಯಾದ್ದರಿಂದ ಒಂದೆರಡು ಗಂಟೆ ಧಾರಾಳ. ಸದಾ ಹಾಕಿಡದೆ, ಬೇಕಾದಾಗ ಮಾತ್ರ ಐದತ್ತು ನಿಮಿಷ ಹಾಕಿ ಆರಿಸಿದರೆ ಮರುದಿನದವರೆಗೂ ಎಳೆಯಬಹುದು. ಕೆಲವು ಕಂಪನಿಗಳು ತಮ್ಮ ಮೋಡೆಮ್‌ಗೇ ಬ್ಯಾಟರಿ ಮಾರುತ್ತವೆ, ಕೇಳಿ ನೋಡಬೇಕು. ಕೆಲವು ಕಾರ್ಡ್‌ಲೆಸ್ ಮಾದರಿಗಳಲ್ಲಿ ಒಂದು ಹ್ಯಾಂಡ್‌ಸೆಟ್ ಬೇಸಿನಲ್ಲಿ ಕೂರಿಸಿದರೆ ಅದರ ಬ್ಯಾಟರಿಯಿಂದಲೇ ಬೇಸ್ ನಡೆದು ಇನ್ನೊಂದು ಹ್ಯಾಂಡ್‌ಸೆಟ್‌ನಲ್ಲಿ ಮಾತಾಡಬಹುದು. ಇನ್ನೂ ತಾಮ್ರದ ಲೈನ್ ಇರುವ ಅದೃಷ್ಟವಂತರಾದರೆ ತಂತಿಯ ಹಳೇ ಫೋನ್ ಒಂದನ್ನು ಗೋಡೆಗೆ ಚುಚ್ಚಿಡಿ, ಕಾರ್ಡ್‌ಲೆಸ್ ಸತ್ತಾಗ ಅದು ಬದುಕಿರುತ್ತದೆ.

ಇಷ್ಟು ಮಾಡಿದರೂ ರಸ್ತೆಯ ಮೇಲಿನ ಕೇಬಲ್ಲೇ ಮರ ಬಿದ್ದು ತುಂಡಾದರೆ ಯುಪಿಎಸ್ ಏನೂ ಮಾಡಲಾರದು. ಅದಕ್ಕಾಗಿ ಪವರ್ ಬ್ಯಾಂಕ್ ತುಂಬಿಸಿಡಬೇಕು, ಕಾರಿನಲ್ಲಿ ಚಾರ್ಜರ್ ಇರಬೇಕು, ನೆರೆಮನೆಯವರ ಪರಿಚಯ ಇರಬೇಕು. ಪ್ರತಿವರ್ಷ ಅಕ್ಟೋಬರ್‌ನಲ್ಲಿ ಒಂದು ಭಾನುವಾರ ಮನೆಯ ಮೇನ್ ಸ್ವಿಚ್ ಆರಿಸಿ ಫೋನ್ ಎತ್ತಿ ನೋಡಿ. ಟೋನ್ ಬಂತೇ? ಎಷ್ಟು ಹೊತ್ತು ಬಂತು? ನಿಜವಾದ ಬಿರುಗಾಳಿಗೆ ಮುಂಚೆ ಗೊತ್ತಾದರೆ ಒಳ್ಳೆಯದು. ಪ್ರವಾಹ, ರಸ್ತೆ ಬಂದ್ ಸುದ್ದಿಗೆ ‘ಅಲರ್ಟ್ ಕಿಂಗ್ ಕೌಂಟಿ’ ಎಂಬ ಉಚಿತ ಸೇವೆಗೆ ಹೆಸರು ಸೇರಿಸಿಕೊಳ್ಳಿ.

ಒಂದು ಮಾತು ಫೋನಿಗೆ ಸಂಬಂಧಿಸದಿದ್ದರೂ ಹೇಳಲೇಬೇಕು. ಕರೆಂಟ್ ಹೋದಾಗ ಇದ್ದಿಲ ಒಲೆಯನ್ನೋ ಜನರೇಟರನ್ನೋ ಮನೆಯೊಳಗೆ, ಗ್ಯಾರೇಜಿನಲ್ಲಿ ಹಚ್ಚಬೇಡಿ. 2006ರ ಬಿರುಗಾಳಿಯ ನಂತರ ಹಾಗೆ ಮಾಡಿ ವಿಷಾನಿಲದಿಂದ ಸತ್ತವರಿದ್ದಾರೆ, ಅವರಲ್ಲಿ ವಲಸೆ ಬಂದವರು ಹಲವರು. ಎಚ್ಚರಿಕೆಯನ್ನು ‘ಸಿಯಾಟಲ್ ಟೈಮ್ಸ್’ ಪತ್ರಿಕೆ ಆಗ ಮುಖಪುಟದಲ್ಲಿ ಹಲವು ಭಾಷೆಗಳಲ್ಲಿ ಅಚ್ಚುಹಾಕಬೇಕಾಯಿತು. ಇಲ್ಲಿನ ಮನೆಗಳಿಗೆ ನಮ್ಮೂರಿನ ಹಂಚಿನ ಮನೆಯಂತೆ ಗಾಳಿ ಆಡುವ ಸಂದಿ ಇಲ್ಲ.

ಫೋನಿನಲ್ಲಿ ಬರುವ ಕಳ್ಳರು

ಹಗಲು ಹೊತ್ತು ಮನೆಯ ಫೋನ್ ಎತ್ತುವವರು ಹಿರಿಯರೇ ಎಂದು ಮೋಸಗಾರರಿಗೂ ಗೊತ್ತು. ತೆರಿಗೆ ಇಲಾಖೆ, ಸೋಷಿಯಲ್ ಸೆಕ್ಯುರಿಟಿ ಕಚೇರಿ ಎಂದು ಬೆದರಿಸುವ ಕರೆಗಳು ಇಲ್ಲಿ ಹಳೆಯವು. ಭಾರತೀಯ ರಾಯಭಾರ ಕಚೇರಿಯ ನಂಬರಿನಂತೆಯೇ ತೋರುವ ಕರೆ ಮಾಡಿ, ವೀಸಾದಲ್ಲಿ ತಪ್ಪಿದೆ, ಹಣ ಕಟ್ಟದಿದ್ದರೆ ಗಡೀಪಾರು ಎನ್ನುವವರೂ ಇದ್ದಾರೆ. ರಾಯಭಾರ ಕಚೇರಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನಮ್ಮಲ್ಲಿನ ‘ಡಿಜಿಟಲ್ ಅರೆಸ್ಟ್’ ಮೋಸದ ಅಣ್ಣತಮ್ಮಂದಿರು ಇವರು.

ಅಮ್ಮನಿಗೆ ಹೇಳಿದ್ದು ಒಂದೇ ನಿಯಮ: ಪರದೆಯಲ್ಲಿ ಪರಿಚಿತ ಹೆಸರು ಕಂಡರೆ ಮಾತ್ರ ಎತ್ತುವುದು. ಉಳಿದವರು ವಾಯ್ಸ್‌ಮೇಲ್‌ನಲ್ಲಿ ಮಾತು ಬಿಡಲಿ. ಈಗಿನ ಬಹಳಷ್ಟು ಕಾರ್ಡ್‌ಲೆಸ್‌ಗಳಲ್ಲಿ ಬೇಡದ ನಂಬರನ್ನು ಒಂದೇ ಗುಂಡಿಯಲ್ಲಿ ತಡೆಯುವ ಸೌಲಭ್ಯವಿದೆ. ಊರಿನ ನಂಬರ್‌ಗಳನ್ನೆಲ್ಲ ಹೆಸರು ಸಮೇತ ಹಾಕಿಟ್ಟರೆ ಅಪ್ಪನ ಕರೆ ತಪ್ಪುವುದಿಲ್ಲ.

ಊರಿಗೆ ತರಬೇಡಿ

ವಾಪಸು ಹೊರಡುವಾಗ ಅಮ್ಮ ಕೇಳಿದರು, “ಇಂಥದ್ದೇ ಒಂದು ಅಪ್ಪಂಗೂ ತಗೊಂಡು ಹೋಗಲಾ? ತೋಟದಲ್ಲಿದ್ದಾಗ ಅನುಕೂಲ.” ಬೇಡ ಎನ್ನಬೇಕಾಯಿತು. ಅದಕ್ಕೆ ಕಾರಣ ಎರಡು.

ಅಮೆರಿಕದ ಕಾರ್ಡ್‌ಲೆಸ್ ಪೆಟ್ಟಿಗೆಯ ಮೇಲೆ ‘ಡೆಕ್ಟ್ 6.0’ ಎಂದಿರುತ್ತದೆ. 6.0 ಎನ್ನುವುದು ಮಾರಾಟಕ್ಕೆ ಇಟ್ಟ ಹೆಸರಷ್ಟೇ. ಅದು ಕೆಲಸ ಮಾಡುವುದು 1920ರಿಂದ 1930 ಮೆಗಾಹರ್ಟ್ಸ್ ತರಂಗದಲ್ಲಿ. ಇಲ್ಲಿ ಆ ತರಂಗ ಇಂಥ ಫೋನ್‌ಗಳಿಗೆ ಮುಕ್ತ. ಭಾರತದಲ್ಲಿ ಅದು ಮೊಬೈಲ್ ಸೇವೆಗೆ ಕೊಟ್ಟಿರುವ ತರಂಗದೊಳಗೆ ಬರುತ್ತದೆ. ಅಲ್ಲಿ ಇದನ್ನು ಹಚ್ಚಿದರೆ ಸುತ್ತಲಿನವರ ಮೊಬೈಲ್ ಸಂಪರ್ಕಕ್ಕೆ ಅಡ್ಡಿಯಾಗುತ್ತದೆ, ಅದು ನಿಯಮಕ್ಕೂ ವಿರುದ್ಧ. ಭಾರತದಲ್ಲಿ ಮಾರುವ ಡೆಕ್ಟ್ ಫೋನ್‌ಗಳು 1880ರಿಂದ 1900 ಮೆಗಾಹರ್ಟ್ಸ್‌ನಲ್ಲಿ ನಡೆಯುವಂಥವು, ಅವನ್ನು ಇಲ್ಲಿಗೆ ತರುವುದೂ ಸರಿಯಲ್ಲ. ಎರಡನೆಯದಾಗಿ, ಇಲ್ಲಿನ ಅಡಾಪ್ಟರ್ ಸಾಮಾನ್ಯವಾಗಿ 120 ವೋಲ್ಟಿಗೆ ಮಾಡಿದ್ದು. ನಮ್ಮ 230 ವೋಲ್ಟಿಗೆ ಚುಚ್ಚಿದರೆ ಸುಟ್ಟುಹೋಗುತ್ತದೆ. ಬೇಕಾದ ಕಾರ್ಡ್‌ಲೆಸ್ ಊರಿನ ಅಂಗಡಿಯಲ್ಲೇ ಕೊಳ್ಳುವುದು ಕ್ಷೇಮ.

ಅಮ್ಮ ಊರಿಗೆ ಹೋದ ಮೇಲೆ ಇನ್ನೊಂದು ವಿಷಯ ತಿಳಿಯಿತು. ಸಾಗರದ ಮನೆಯಲ್ಲೂ ತಾಮ್ರದ ತಂತಿ ತೆಗೆದು ಫೈಬರ್ ಹಾಕಿದ್ದಾರೆ. ಫೋನ್ ಈಗ ಮೋಡೆಮ್‌ಗೆ ಸೇರಿದೆ. ಮೊದಲ ಮಳೆಗೆ ಕರೆಂಟ್ ಹೋದಾಗ ಅಮ್ಮ ಫೋನ್ ಎತ್ತಿ ನೋಡಿದರಂತೆ, ಟೋನ್ ಇಲ್ಲ. ಎಂಟು ದಿನ ಕತ್ತಲಲ್ಲೂ ರಿಂಗಾಗುತ್ತಿದ್ದ ಫೋನ್ ಅಲ್ಲಿಯೂ ಮುಗಿದಿದೆ. ಆದರೆ ಈ ಸಲ ಅಮ್ಮನಿಗೆ ಕಾರಣ ಗೊತ್ತಿತ್ತು. ಮರುವಾರವೇ ಅಪ್ಪನನ್ನು ಪೇಟೆಗೆ ಕಳಿಸಿ ಮೋಡೆಮ್‌ಗೆ ಹೊಂದುವ ಪುಟ್ಟ ಯುಪಿಎಸ್ ತರಿಸಿದರು. ನಿಮ್ಮ ಮನೆಗೂ ಫೈಬರ್ ಬಂದಿದ್ದರೆ ಒಮ್ಮೆ ನೋಡಿಕೊಳ್ಳಿ.

ಊರಿನಲ್ಲಿರುವವರು ಮಾಡಬಹುದಾದ ಕೆಲಸ ಇನ್ನೆರಡು. ಮಕ್ಕಳ ಮನೆಯ ನಂಬರ್, ಪೂರ್ತಿ ವಿಳಾಸ, ಅವರ ನೆರೆಮನೆಯ ಒಂದು ನಂಬರ್ ಇವನ್ನು ಮೊಬೈಲಿನಲ್ಲಷ್ಟೇ ಅಲ್ಲ, ಕ್ಯಾಲೆಂಡರಿನ ಹಿಂದೆಯೂ ಬರೆದಿಡಿ. ಮತ್ತು ಸಮಯದ ಲೆಕ್ಕ ನೆನಪಿಡಿ. ಸಿಯಾಟಲ್ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ ಹಿಂದೆ.

ನಮ್ಮ ಫೋನಿನ ಪಕ್ಕದ ಗೋಡೆಯ ಮೇಲೆ ಅಮ್ಮ ಅಂಟಿಸಿದ ಹಾಳೆ ಹಾಗೆಯೇ ಇದೆ. ದಪ್ಪ ಅಕ್ಷರದಲ್ಲಿ ಮೇಲೆ 911, ಅದರ ಕೆಳಗೆ ಇಂಗ್ಲಿಷ್ ವಿಳಾಸವನ್ನು ಕನ್ನಡ ಲಿಪಿಯಲ್ಲಿ ಬರೆದದ್ದು, ಆಮೇಲೆ 2 ಅಳಿಯ, 3 ಮಗಳು, 4 ಪಕ್ಕದ ಮನೆ, 5 ನಮ್ಮನೆ. ಮುಂದಿನ ತಿಂಗಳು ಅತ್ತೆ ಮಾವ ಬರುತ್ತಿದ್ದಾರೆ. 2ರ ಮುಂದೆ ‘ಅಳಿಯ’ ಹೊಡೆದು ‘ಮಗ’, 3ರ ಮುಂದೆ ‘ಮಗಳು’ ಹೊಡೆದು ‘ಸೊಸೆ’ ಎಂದು ಬರೆದರೆ ಹಾಳೆ ಅವರಿಗೂ ಆಯಿತು.